ಬೈದ ಮೇಲೆ ಪಾಸ್ ಬರುತ್ತಿಲ್ಲ: ಮೈದಾನದ ಮಾತು, ಸ್ಟಾಫ್ ರೂಮಿನ ಮಾತು

ಪ್ರಶ್ನೆ: ನಾನು ಗೋಣಿಕೊಪ್ಪದ ಹತ್ತಿರದವಳು, ದ್ವಿತೀಯ ಬಿ.ಕಾಂ. ಓದುತ್ತಿದ್ದೇನೆ. ಕಾಲೇಜು ಹಾಕಿ ತಂಡದಲ್ಲಿ ಸೆಂಟರ್ ಹಾಫ್, ಅಂದರೆ ಮೈದಾನದ ನಡುವೆ ಆಡುವವಳು. ನನ್ನ ಆಟದ ಬಗ್ಗೆ ಯಾರ ದೂರೂ ಇಲ್ಲ. ಆದರೆ ನಮಗೆ ಕೋಚ್ ಆಗಿರುವ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕ) ಸರ್ ಎಲ್ಲರೆದುರು “ಇವಳ ಬಾಯಿ ಬಿಡಿಸೋಕೆ ಬೇರೆ ಕೋಚ್ ಬೇಕು” ಎನ್ನುತ್ತಾರೆ. ಈ ಸಲ ನಾಯಕಿ ಪಟ್ಟವೂ ಬೇರೆಯವಳಿಗೆ ಹೋಯಿತು. ಇಂಟರ್ ಕಾಲೇಜ್ ಪಂದ್ಯವೊಂದರಲ್ಲಿ ರೈಟ್ ಹಾಫ್ ಹುಡುಗಿಯ ಮೇಲೆ ಸಿಟ್ಟಿನಲ್ಲಿ ಕೂಗಿಬಿಟ್ಟೆ, ಅಂದಿನಿಂದ ಅವಳು ನನಗೆ ಪಾಸ್ ಕೊಡುವುದೇ ಅಪರೂಪ. ಮುಂದಿನ ಪಂದ್ಯದಲ್ಲಿ ಅರ್ಧ ಹೊತ್ತು ಬೆಂಚ್ ಕಾದೆ. ಇದರ ಮೇಲೆ ಹಾಜರಾತಿ ಕಮ್ಮಿ ಎಂದು ಇಬ್ಬರು ಲೆಕ್ಚರರ್ ಮುನಿಸಿಕೊಂಡಿದ್ದಾರೆ. ಹುಟ್ಟಿನಿಂದಲೇ ನನಗೆ ಮಾತು ಕಡಿಮೆ. ಚೆನ್ನಾಗಿ ಆಡಿದರೆ ಸಾಲದೇ?

ಉತ್ತರ: ಸಾಲದು. ಹಾಗೆಂದು ನೀವು ವಾಚಾಳಿಯಾಗಬೇಕಾಗಿಯೂ ಇಲ್ಲ.

ನಿಮ್ಮ ದೂರುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ರೈಟ್ ಹಾಫ್ ಮೇಲೆ ಕೂಗಿದ್ದು ಎಡವಟ್ಟು ಆದ ಮೇಲೆ. ಲೆಕ್ಚರರ್ ಎದುರು ನಿಂತದ್ದು ಹಾಜರಾತಿ ಬಿದ್ದ ಮೇಲೆ. ಪಿ.ಡಿ. ಮನಸ್ಸಿನಲ್ಲಿ ಏನಿದೆ ಎಂದು ಯೋಚಿಸಿದ್ದು ಬೆಂಚಿನ ಮೇಲೆ ಕೂತ ಮೇಲೆ. ನಿಮ್ಮ ಮಾತು ಕಡಿಮೆ ಇರಬಹುದು, ಆದರೆ ತೊಂದರೆ ಕೊಡುತ್ತಿರುವುದು ಅದು ತಡವಾಗಿ ಬರುವುದು. ತಡವಾದ ಮಾತು ದನಿ ಏರಿಸಿಕೊಂಡೇ ಬರುತ್ತದೆ. ಮೊದಲೇ ಬಂದರೆ ಎರಡು ಪದದಲ್ಲಿ ಮುಗಿಯುತ್ತದೆ. (ಎಲ್ಲರೆದುರು ಹಾಗೆ ಚುಚ್ಚುವ ಪಿ.ಡಿ. ಕೂಡ ಸ್ವಲ್ಪ ಮಾತು ಕಲಿಯಬೇಕು. ಆದರೆ ಪ್ರಶ್ನೆ ಕೇಳಿದವರು ನೀವಾದ್ದರಿಂದ ನಿಮ್ಮ ಪಾಲಿನದ್ದನ್ನು ನೋಡೋಣ.)

ಮೊದಲು ಮೈದಾನ. ಸೆಂಟರ್ ಹಾಫ್ ಜಾಗದಲ್ಲಿ ನಿಂತವಳಿಗೆ ಮುಂದಿನ ಸಾಲು, ಹಿಂದಿನ ಸಾಲು, ಎರಡೂ ಬದಿ ಕಾಣುತ್ತದೆ. ಕೊಡಗಿನವರೇ ಆದ ಎಂ.ಎಂ. ಸೋಮಯ್ಯ 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು, 1988ರ ಸೋಲ್ ಒಲಿಂಪಿಕ್ಸ್‌ಗೆ ತಂಡದ ನಾಯಕರಾಗಿ ಹೋದರು. ಅವರೂ ಹಾಫ್ ಸಾಲಿನ ಆಟಗಾರರೇ. ಆ ಸಾಲಿನಲ್ಲಿ ನಿಂತವರ ಕಣ್ಣಿಗೆ ಬಿದ್ದದ್ದು ಬಾಯಿಂದ ಹೊರಗೆ ಬರದಿದ್ದರೆ ಉಳಿದ ಹತ್ತು ಮಂದಿಗೆ ಅದು ಇದ್ದೂ ಇಲ್ಲದ ಹಾಗೆ.

ಚೆಂಡು ತೆಗೆದುಕೊಳ್ಳುವವಳ ಸ್ಥಿತಿಯನ್ನು ಹತ್ತಿರದಿಂದ ನೋಡಿ. ಅವಳ ಕಣ್ಣು ಚೆಂಡಿನ ಮೇಲಿದೆ, ಬೆನ್ನು ಬಗ್ಗಿದೆ, ಸ್ಟಿಕ್ಕಿನ ತುದಿ ನೆಲಕ್ಕಿದೆ. ಹಿಂದೆ ಎದುರಾಳಿ ಎರಡು ಹೆಜ್ಜೆ ದೂರದಲ್ಲಿದ್ದಾಳೋ ಹತ್ತು ಹೆಜ್ಜೆಯೋ ಅವಳಿಗೆ ಗೊತ್ತಾಗುವುದಿಲ್ಲ. ನಿಮಗೆ ಕಾಣುತ್ತದೆ. ಆ ಮಾಹಿತಿ ಚೆಂಡು ಉರುಳುತ್ತಿರುವಾಗಲೇ ದಾಟಬೇಕು. ಚೆಂಡು ಸ್ಟಿಕ್ಕಿಗೆ ತಾಗಿದ ಮೇಲೆ ಹೇಳಿದರೆ ಅವಳು ಆಗಲೇ ಒಂದು ತೀರ್ಮಾನ ಮಾಡಿಯಾಗಿರುತ್ತದೆ. ಆಗ ನಿಮ್ಮ ಕೂಗು ಅವಳನ್ನು ಗಲಿಬಿಲಿಗೊಳಿಸುತ್ತದೆ ಅಷ್ಟೆ.

ಹೆಸರು ಮೊದಲು, ಕೆಲಸ ಆಮೇಲೆ. ಚೆಂಡು ತೆಗೆದುಕೊಳ್ಳುವವಳ ಹೆಸರು ಪೂವಿ ಎಂದಿಟ್ಟುಕೊಳ್ಳಿ. “ಪೂವಿ, ಟೈಮ್” ಎಂದರೆ ಹಿಂದೆ ಯಾರೂ ಇಲ್ಲ, ನಿಲ್ಲಿಸಿ ತಿರುಗು. “ಪೂವಿ, ಮ್ಯಾನ್” ಎಂದರೆ ಒಬ್ಬಳು ಬೆನ್ನಿಗೆ ಬಿದ್ದಿದ್ದಾಳೆ, ಒಂದೇ ಟಚ್‌ನಲ್ಲಿ ದಾಟಿಸು. ಓಡುತ್ತಿರುವವಳ ಕಿವಿ ತೆರೆದುಕೊಳ್ಳುವುದು ತನ್ನ ಹೆಸರು ಕೇಳಿದಾಗ. “ಟೈಮ್, ಪೂವಿ” ಎಂದು ತಿರುಗಿಸಿ ಕೂಗಿದರೆ ಅವಳಿಗೆ ಹೆಸರು ಮಾತ್ರ ಕೇಳಿಸುತ್ತದೆ, ಕೆಲಸ ಗಾಳಿಗೆ ಹೋಗುತ್ತದೆ. ಇಡೀ ತಂಡಕ್ಕೆ ಆರು ಪದ ಸಾಕು: ಟೈಮ್, ಮ್ಯಾನ್, ಬ್ಯಾಕ್, ಲೈನ್, ಸ್ವಿಚ್, ಲೀವ್. ಯಾವ ಪದಕ್ಕೆ ಯಾವ ಅರ್ಥ ಎಂದು ಒಂದು ದಿನ ಎಲ್ಲರೂ ಕೂತು ಒಪ್ಪಿಕೊಳ್ಳಿ. “ಲೈನ್” ಎಂದರೆ ಸೈಡ್‌ಲೈನ್ ಉದ್ದಕ್ಕೆ ಹೊಡಿ ಎಂದು ಒಬ್ಬಳು, ಲೈನ್ ಬಿಟ್ಟು ಒಳಗೆ ಬಾ ಎಂದು ಇನ್ನೊಬ್ಬಳು ತಿಳಿದುಕೊಂಡಿರುವ ತಂಡಗಳಿಗೆ ಕೊರತೆಯಿಲ್ಲ.

“ಏಯ್”, “ನೋಡ್ಕೊಂಡು ಆಡೇ”, “ಏನ್ ಮಾಡ್ತಿದ್ದೀಯ ಅಲ್ಲಿ”, ಇವು ಕರೆಗಳಲ್ಲ, ಕಾಮೆಂಟರಿ. ಕೇಳಿದವಳಿಗೆ ಮುಂದೇನು ಮಾಡಬೇಕೆಂದು ಇವುಗಳಿಂದ ಗೊತ್ತಾಗುವುದಿಲ್ಲ, ಮುಖ ಮಾತ್ರ ಕೆಂಪಾಗುತ್ತದೆ.

ಯಾರು ಯಾರಿಗೆ ಹೇಳಬೇಕು ಎಂಬುದಕ್ಕೂ ದಾರಿಯುಂಟು. ಹಿಂದಿರುವವರು ಮುಂದಿರುವವರಿಗೆ ಹೇಳುತ್ತಾರೆ: ಗೋಲ್‌ಕೀಪರ್ ಬ್ಯಾಕ್‌ಗಳಿಗೆ, ಬ್ಯಾಕ್‌ಗಳು ಹಾಫ್‌ಗಳಿಗೆ, ಹಾಫ್‌ಗಳು ಫಾರ್ವರ್ಡ್‌ಗಳಿಗೆ. ಚೆಂಡು ಬೇಕಾದ ಫಾರ್ವರ್ಡ್ ಸ್ಟಿಕ್ಕನ್ನು ನೆಲಕ್ಕಿಟ್ಟು ಜಾಗ ತೋರಿಸಿದರೆ ಸಾಕು. ಹನ್ನೊಂದು ಮಂದಿಯೂ ಒಟ್ಟಿಗೆ ಕಿರುಚಿದರೆ ಅದು ಸಂತೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇನ್ನೊಂದು ತೊಂದರೆ ಇದೆ. ಜೋರು ಮಳೆಯಲ್ಲಿ ಇಪ್ಪತ್ತು ಮೀಟರ್ ಆಚೆಗೆ ದನಿ ದಾಟುವುದೇ ಕಷ್ಟ. ಆಗ ಕೈ ಸನ್ನೆ ಬೇಕು, ಅದನ್ನೂ ಬಿಸಿಲಿರುವಾಗಲೇ ಗೊತ್ತು ಮಾಡಿಟ್ಟುಕೊಂಡಿರಬೇಕು.

ಅಭ್ಯಾಸ ಹೀಗೆ ಮಾಡಿ. ಸುಮಾರು 25 ಮೀಟರ್ ಚೌಕದಲ್ಲಿ ಐದೈದು ಮಂದಿ. ಮೊದಲ 5 ನಿಮಿಷ ಯಾರೂ ತುಟಿ ಪಿಟಕ್ ಅನ್ನಬಾರದು. ಮುಂದಿನ 10 ನಿಮಿಷ ಹೆಸರು ಕೂಗದೆ ಕೊಟ್ಟ ಪಾಸ್ ಲೆಕ್ಕಕ್ಕಿಲ್ಲ, ಚೆಂಡು ಎದುರು ತಂಡಕ್ಕೆ. ಕೊನೆಯ 5 ನಿಮಿಷ ಮಾಮೂಲಿ ಆಟ. ವಾರಕ್ಕೆ ಮೂರು ಸಲ ಮಾಡಿ. ನಿಮ್ಮಂಥವರಿಗೆ ಇದರ ಲಾಭ ಏನೆಂದರೆ, ಇಲ್ಲಿ ಮಾತಾಡುವುದು ನಿಯಮವಾದ್ದರಿಂದ ನಾಚಿಕೆಗೆ ಜಾಗವಿರುವುದಿಲ್ಲ. ಹೊಸದರಲ್ಲಿ ದನಿ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ, ಹೇಳುವಷ್ಟರಲ್ಲಿ ಪಾಸ್ ದಾಟಿ ಹೋಗಿರುತ್ತದೆ. ಬಿಡಬೇಡಿ, ಮುಂದಿನ ಪಾಸ್‌ಗೆ ಹೇಳಿ.

ಈ ಕರೆ ಯಾವ ಭಾಷೆಯಲ್ಲಿ? ಕೊಡಗಿನ ಕಾಲೇಜು ತಂಡಗಳಲ್ಲಿ ಇದು ಸಣ್ಣ ವಿಷಯವಲ್ಲ. ಒಂದೇ ತಂಡದಲ್ಲಿ ಕೊಡವ ತಕ್ಕ್ ಆಡುವವರು, ಅರೆಭಾಷೆಯವರು, ಮಲಯಾಳ ಮಾತಿನವರು, ತುಳುವರು, ಹಾಸ್ಟೆಲ್‌ನಲ್ಲಿರುವ ಬಯಲುಸೀಮೆಯ ಹುಡುಗಿ ಎಲ್ಲರೂ ಇರುತ್ತಾರೆ. ನಾಲ್ವರು ತಮ್ಮ ಮನೆಮಾತಿನಲ್ಲಿ ಪಿಸುಗುಟ್ಟಿ ನಕ್ಕರೆ, ಅರ್ಥವಾಗದ ಐದನೆಯವಳು ತನ್ನನ್ನೇ ಆಡಿಕೊಂಡರು ಎಂದುಕೊಳ್ಳುತ್ತಾಳೆ. ಬಸ್ಸಿನಲ್ಲಿ ಯಾರು ಯಾವ ಮಾತು ಬೇಕಾದರೂ ಆಡಲಿ. ಆಟದ ಒಳಗೆ, ಬ್ರೇಕ್‌ನ ಗುಂಪಿನಲ್ಲಿ, ಟೀಮ್ ವಾಟ್ಸ್ಆ್ಯಪ್‌ನಲ್ಲಿ ಎಲ್ಲರಿಗೂ ತಿಳಿಯುವ ಒಂದೇ ಭಾಷೆ. ಇದನ್ನು ಸೀನಿಯರ್ ಆಗಿ ನೀವೇ ಶುರು ಮಾಡಬಹುದು, ಅದಕ್ಕೆ ನಾಯಕಿ ಪಟ್ಟ ಬೇಕಿಲ್ಲ.

ಇಲ್ಲಿನವರಿಗೆ ವಿಶೇಷವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಕೊಡವ ಕೌಟುಂಬಿಕ ಹಾಕಿ ನೋಡಿ ಬೆಳೆದ ಮಕ್ಕಳು ನಮ್ಮವರು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕುಟುಂಬಗಳ ತಂಡಗಳೊಂದಿಗೆ ಶುರು ಮಾಡಿದ ಆ ಹಬ್ಬ, 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್ ಹೊತ್ತಿಗೆ 360 ತಂಡಗಳಿಗೆ ಬೆಳೆದು ಗಿನ್ನೆಸ್ ದಾಖಲೆ ಸೇರಿತು. ಅಲ್ಲಿ ಚಿಕ್ಕಪ್ಪ ಮೈದಾನದ ನಡುವೆಯೇ ಬೈಯುತ್ತಾರೆ, ನೀವೂ ಅಣ್ಣನಿಗೆ ಎದುರುತ್ತರ ಕೊಡುತ್ತೀರಿ, ಸಂಜೆ ಒಂದೇ ಮನೆಯಲ್ಲಿ ಊಟ. ಒಕ್ಕದ (ಕೊಡವ ಮನೆತನದ) ತಂಡದಲ್ಲಿ ಸಂಬಂಧ ಮೊದಲೇ ಇದೆ, ಬೈಗುಳವನ್ನು ಅದು ತಡೆದುಕೊಳ್ಳುತ್ತದೆ. ಕಾಲೇಜು ತಂಡದಲ್ಲಿ ಇರುವುದು ಎರಡು ಮೂರು ವರ್ಷದ ಪರಿಚಯ. ಅದೇ ದನಿಯಲ್ಲಿ ಅಲ್ಲಿ ಬೈದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಮನೆಯಲ್ಲಿ ಬೈಸಿಕೊಂಡು ರೂಢಿಯಾದವರಿಗೆ ಈ ವ್ಯತ್ಯಾಸ ಬೇಗ ಹೊಳೆಯುವುದಿಲ್ಲ.

ಕ್ವಾರ್ಟರ್ ನಡುವಿನ 2 ನಿಮಿಷದ ಬಿಡುವು ಬಹಳ ತಂಡಗಳಲ್ಲಿ ಹಾಳಾಗುತ್ತದೆ. ಮೊದಲ ಅರ್ಧ ನಿಮಿಷ ನೀರು, ಮಾತಿಲ್ಲ. ಏದುಸಿರು ಬಿಡುವವಳ ಕಿವಿಗೆ ಏನೂ ಹೋಗುವುದಿಲ್ಲ. ಆಮೇಲೆ ಒಂದು ನಿಮಿಷ ಕೋಚ್. ಉಳಿದ ಅರ್ಧ ನಿಮಿಷದಲ್ಲಿ ನಿಮ್ಮ ಸಾಲಿನಿಂದ ನೀವು ಒಂದೇ ವಿಷಯ ಹೇಳಿ: “ಅವರ 9ನೇ ನಂಬರಿನವಳು ಎಡಗಡೆಗೇ ತಿರುಗ್ತಾಳೆ, ಬಲಗಡೆ ಬಿಟ್ಟುಕೊಡಿ.” ಮೂರು ವಿಷಯ ಹೇಳಿದರೆ ಒಂದೂ ನೆನಪುಳಿಯುವುದಿಲ್ಲ. ಪೆನಾಲ್ಟಿ ಕಾರ್ನರ್ ತಡೆಯುವಾಗಲೂ ಹಾಗೆಯೇ. ಗೋಲ್‌ಕೀಪರ್ ಸೇರಿ ಐದೇ ಮಂದಿ ಗೋಲಿನ ಗೆರೆಯ ಹಿಂದಿರುತ್ತೀರಿ, ಉಳಿದವರು ಸೆಂಟರ್ ಲೈನ್ ಆಚೆ. ಮೊದಲು ನುಗ್ಗುವವಳು ಯಾರು, ಪೋಸ್ಟ್ ಯಾರದು ಎಂದು ಗೋಲ್‌ಕೀಪರ್ ಒಬ್ಬಳೇ ಹೇಳಬೇಕು. ಅಲ್ಲಿ ಸೆಂಟರ್ ಹಾಫ್ ಸಲಹೆ ಕೊಡಲು ಹೋದರೆ ಇಬ್ಬರು ಒಟ್ಟಿಗೆ ನುಗ್ಗಿ ಒಂದು ಕಡೆ ಖಾಲಿ ಬೀಳುತ್ತದೆ. ಸುಮ್ಮನಿರುವುದೂ ಕಲಿಯಬೇಕಾದ್ದೇ, ಅದರಲ್ಲಿ ನೀವು ಆಗಲೇ ಮುಂದಿದ್ದೀರಿ.

ಅಂಪೈರ್ ಜೊತೆ ಮಾತು ನಾಯಕಿಯ ಕೆಲಸ. ಉಳಿದವರು ಕೈ ಎತ್ತಿ ವಾದಿಸಿದರೆ ಫ್ರೀ ಹಿಟ್ ಜಾಗವನ್ನು ನಿಮ್ಮ ಗೋಲಿನ ಕಡೆಗೆ 10 ಮೀಟರ್‌ವರೆಗೆ ಮುಂದೊಯ್ಯುವ ಅಧಿಕಾರ ಅಂಪೈರ್‌ಗಿದೆ. ಗ್ರೀನ್ ಕಾರ್ಡ್ ಎಂದರೆ 2 ನಿಮಿಷ ಹೊರಗೆ, ಯೆಲ್ಲೋ ಎಂದರೆ ಕಡಿಮೆಯೆಂದರೂ 5. ಅಷ್ಟು ಹೊತ್ತು ತಂಡ ಹತ್ತೇ ಮಂದಿ, ಅದೂ ನಡುವಿನ ಜಾಗ ಖಾಲಿ.

ಇನ್ನು ಬೆಂಚು. ಪಿ.ಡಿ. ಸರ್ ಹತ್ತಿರ ಕೇಳಲೇಬೇಕು, ಆದರೆ ಪಂದ್ಯ ಮುಗಿದ ಸಂಜೆ ಬೇಡ, ಒಂದು ರಾತ್ರಿ ಕಳೆಯಲಿ. ವಾಟ್ಸ್ಆ್ಯಪ್‌ನಲ್ಲಿ ಬೇಡ, ಉಳಿದವರ ಎದುರು ಬೇಡ, ಅಪ್ಪನಿಂದ ಫೋನ್ ಮಾಡಿಸುವುದಂತೂ ಬೇಡವೇ ಬೇಡ. “ಸರ್, ನಾಳೆ ಪ್ರ್ಯಾಕ್ಟೀಸ್‌ಗೆ ಮುಂಚೆ ಐದು ನಿಮಿಷ ಸಿಗ್ತೀರಾ?” ಎಂದು ಹೊತ್ತು ಕೇಳಿಕೊಳ್ಳಿ. “ಯಾಕೆ ಸರ್ ನನ್ನನ್ನ ಕೂರಿಸಿದ್ರಿ” ಎಂದು ಶುರು ಮಾಡಿದರೆ ಅವರು ತಮ್ಮ ತೀರ್ಮಾನವನ್ನು ಸಮರ್ಥಿಸಿಕೊಳ್ಳಲು ನಿಲ್ಲುತ್ತಾರೆ. “ಸೆಂಟರ್ ಹಾಫ್ ಜಾಗಕ್ಕೆ ನನ್ನಲ್ಲಿ ಏನು ಕಮ್ಮಿ ಇದೆ, ಎರಡು ವಿಷಯ ಹೇಳಿ ಸರ್” ಎಂದರೆ ಕೋಚ್ ಆಗಿ ಯೋಚಿಸುತ್ತಾರೆ. ಹೆಚ್ಚಾಗಿ ಬರುವ ಉತ್ತರ “ಇನ್ನೂ ಇನ್ವಾಲ್ವ್ ಆಗು” ಎಂಬಂಥದ್ದು. ಅದನ್ನು ಹಿಡಿದು ಹೊರಬರಬೇಡಿ. “ಯಾವ ಹೊತ್ತಲ್ಲಿ ಸರ್, ಚೆಂಡು ನಮ್ಮ ಹತ್ತಿರ ಇರುವಾಗಲೋ, ಅವರ ಹತ್ತಿರ ಇರುವಾಗಲೋ?” ಎಂದು ಇನ್ನೊಂದು ಮೆಟ್ಟಿಲು ಇಳಿಸಿ. ಬರೆದುಕೊಳ್ಳಿ. ಎರಡು ವಾರ ಬಿಟ್ಟು, ಅವರು ಮರೆತಿರುತ್ತಾರೆ, ನೀವೇ ಹೋಗಿ “ಆ ಎರಡು ವಿಷಯ ಈಗ ಹೇಗಿದೆ ಸರ್” ಎಂದು ಕೇಳಿ. ನಿಮ್ಮ ಬದಲು ಆಡಿದವಳ ಹೆಸರು ಈ ಎರಡು ಭೇಟಿಯಲ್ಲೂ ನಿಮ್ಮ ಬಾಯಿಂದ ಬರಬಾರದು. ಬಂದರೆ ಅದು ಸಂಜೆಯೊಳಗೆ ಅವಳ ಕಿವಿಗೆ ಮುಟ್ಟುತ್ತದೆ, ಇದು ಸಣ್ಣ ಊರು.

ಹೊರಗೆ ಕರೆಸಿಕೊಂಡಾಗ ಸ್ಟಿಕ್ ಎಸೆದು ಕೂರುವುದನ್ನು ಎಲ್ಲ ಸೆಲೆಕ್ಟರ್‌ಗಳೂ ಗಮನಿಸುತ್ತಾರೆ. ಒಳಗೆ ಹೋಗುವವಳಿಗೆ ದಾಟುವಾಗ ಒಂದೇ ಉಸಿರಿನಲ್ಲಿ ಹೇಳಿ: “7ನೇ ನಂಬರ್ ನಿಂದು, ರಿವರ್ಸ್ ಹೊಡೀತಾಳೆ, ಬಲ ಮೂಲೆಯಲ್ಲಿ ನೀರು ನಿಂತಿದೆ.” ಇದು ಸೌಜನ್ಯಕ್ಕಿಂತ ಹೆಚ್ಚಿನದು, ಮೊದಲ ಕೆಲವು ನಿಮಿಷ ಅವಳು ಕುರುಡಾಗಿ ಆಡುವುದು ತಪ್ಪುತ್ತದೆ.

ಹಾಜರಾತಿಯ ವಿಷಯದಲ್ಲಿ ಲೆಕ್ಚರರ್‌ಗಳದ್ದೇ ತಪ್ಪು ಎಂಬ ಧಾಟಿ ನಿಮ್ಮ ಪತ್ರದಲ್ಲಿದೆ. ಲೆಕ್ಕ ಹಾಕಿ ನೋಡಿ. ಒಂದು ವಿಷಯಕ್ಕೆ ಸೆಮಿಸ್ಟರ್‌ಗೆ 60 ತರಗತಿ, ವಾರಕ್ಕೆ 4 ಎಂದಿಟ್ಟುಕೊಳ್ಳೋಣ. ಶೇ. 75 ಎಂದರೆ 45. ತಪ್ಪಿಸಿಕೊಳ್ಳಲು ಸಿಗುವುದು 15. ಇಂಟರ್ ಕಾಲೇಜ್‌ಗೆ 3 ದಿನ, ವಿಶ್ವವಿದ್ಯಾಲಯ ತಂಡಕ್ಕೆ ಆಯ್ಕೆಯಾದರೆ ಕ್ಯಾಂಪ್ 10 ದಿನ, ದಕ್ಷಿಣ ವಲಯ ಪಂದ್ಯಕ್ಕೆ ಪ್ರಯಾಣ ಸೇರಿ ಒಂದು ವಾರ ಎಂದರೆ ಸುಮಾರು ಮೂರು ವಾರ, 12 ತರಗತಿ. ಉಳಿದದ್ದು ಮೂರು. ಒಂದು ಜ್ವರ, ರಸ್ತೆಗೆ ಮರ ಬಿದ್ದು ಬಸ್ ಬಾರದ ಒಂದು ದಿನ, ಪುತ್ತರಿ ಹಬ್ಬಕ್ಕೆ ಮನೆಯಲ್ಲಿ ಉಳಿದ ಒಂದು ದಿನ, ಅಲ್ಲಿಗೆ ಮುಗಿಯಿತು. ಪ್ರ್ಯಾಕ್ಟೀಸ್ ಮುಗಿಸಿ ಸುಸ್ತಾಗಿ ಬಿಟ್ಟ ಬೆಳಗಿನ ಕ್ಲಾಸ್‌ಗಳಿಗೆ ಇದರಲ್ಲಿ ಜಾಗವೇ ಇಲ್ಲ. ಓ.ಡಿ. (ಆನ್ ಡ್ಯೂಟಿ, ಕಾಲೇಜಿನ ಪರವಾಗಿ ಹೊರಗಿದ್ದ ದಿನಗಳ) ಹಾಜರಾತಿ ಎಷ್ಟು ಕೊಡಬೇಕು ಎಂಬುದು ಕಾಲೇಜು ಮತ್ತು ವಿಶ್ವವಿದ್ಯಾಲಯದ ನಿಯಮದ ಮೇಲೆ ನಿಂತಿದೆ. ಅದನ್ನು ಸೆಮಿಸ್ಟರ್‌ನ ಮೊದಲ ವಾರದಲ್ಲೇ ಆಫೀಸಿನಲ್ಲಿ ಕೇಳಿ ತಿಳಿದುಕೊಳ್ಳಿ.

ಸಾಮಾನ್ಯವಾಗಿ ಆಗುವ ಎಡವಟ್ಟು ಇದು: ಪಿ.ಡಿ. ಒಂದು ಪಟ್ಟಿ ಮಾಡಿ ಪ್ರಿನ್ಸಿಪಾಲರಿಗೆ ಕೊಡುತ್ತಾರೆ, ಅದು ಫೈಲ್ ಸೇರುತ್ತದೆ. ಅಕೌಂಟ್ಸ್ ಮೇಡಂಗೆ ಕಾಣುವುದು ರಿಜಿಸ್ಟರಿನಲ್ಲಿ ನಿಮ್ಮ ಹೆಸರಿನ ಮುಂದಿನ ಖಾಲಿ ಮನೆ ಮಾತ್ರ. ಅವರ ಪಾಲಿಗೆ ನೀವು ಹೇಳದೆ ಕೇಳದೆ ನಾಪತ್ತೆಯಾದವಳು. ಆದ್ದರಿಂದ ಹೊರಡುವ ಮೂರು ದಿನ ಮುಂಚೆ ಪಿ.ಡಿ. ಸಹಿ ಇರುವ ಪತ್ರದ ಪ್ರತಿ ಹಿಡಿದು ಪ್ರತಿಯೊಬ್ಬ ಲೆಕ್ಚರರ್‌ರನ್ನೂ ನೀವೇ ಕಾಣಿ. ಊಟದ ಹೊತ್ತು ಬೇಡ, ಕ್ಲಾಸ್ ಮುಗಿಸಿ ಅವರು ಪುಸ್ತಕ ಜೋಡಿಸಿಕೊಳ್ಳುವಾಗ. ಪತ್ರ ನಾಲ್ಕೇ ಸಾಲು ಇರಲಿ:

“ಮಾನ್ಯರೇ, ದಿನಾಂಕ ಇಂಥದ್ದರಿಂದ ಇಂಥದ್ದರವರೆಗೆ, ಪ್ರಯಾಣದ ಎರಡು ದಿನ ಸೇರಿ, ಕಾಲೇಜು ಹಾಕಿ ತಂಡದೊಂದಿಗೆ ಪಂದ್ಯಕ್ಕೆ ಹೋಗುತ್ತಿದ್ದೇನೆ. ಈ ಅವಧಿಯಲ್ಲಿ ನಿಮ್ಮ ವಿಷಯದ ನಾಲ್ಕು ತರಗತಿಗಳು ತಪ್ಪುತ್ತವೆ. ಪಾಠವನ್ನು ಸಹಪಾಠಿಯಿಂದ ಪಡೆದು, ಬಂದ ಎರಡು ದಿನದೊಳಗೆ ನೋಟ್ಸ್ ತೋರಿಸುತ್ತೇನೆ. ಓ.ಡಿ. ಪರಿಗಣಿಸಬೇಕಾಗಿ ಕೋರುತ್ತೇನೆ.”

ಮೂರನೆಯ ವಾಕ್ಯವನ್ನು ಬಿಡಬೇಡಿ, ಬರೆದ ಮೇಲೆ ಪಾಲಿಸದೆಯೂ ಇರಬೇಡಿ. ಎರಡು ದಿನದೊಳಗೆ ನೋಟ್ಸ್ ಹಿಡಿದು ಎದುರು ನಿಂತ ಹುಡುಗಿಯನ್ನು ಮುಂದಿನ ಸಲ ಯಾರೂ ಪ್ರಶ್ನಿಸುವುದಿಲ್ಲ. ಇಂಟರ್ನಲ್ಸ್ ದಿನಾಂಕ ಪಂದ್ಯದ ಮೇಲೆ ಬಿದ್ದಿದ್ದರೆ ಮರುಪರೀಕ್ಷೆಯನ್ನು ಹೊರಡುವ ಮುಂಚೆಯೇ ಕೇಳಿ, ಬಂದ ಮೇಲೆ ಕೇಳಿದರೆ ಅದು ನೆಪದಂತೆ ಕೇಳಿಸುತ್ತದೆ. ಪತ್ರದ ಒಂದು ಪ್ರತಿಗೆ ಆಫೀಸಿನ ಸೀಲ್ ಹಾಕಿಸಿ ನಿಮ್ಮ ಬಳಿ ಇಟ್ಟುಕೊಳ್ಳಿ. ಈಗ ಮುನಿಸಿಕೊಂಡಿರುವ ಇಬ್ಬರ ಹತ್ತಿರ ಹೋಗುವಾಗ ಸಮಜಾಯಿಷಿ ಬೇಡ. ತಪ್ಪಿದ ತರಗತಿಗಳ ಪಟ್ಟಿ, ಬರೆದು ಮುಗಿಸಿದ ನೋಟ್ಸ್ ಎರಡನ್ನೂ ಹಿಡಿದು ಹೋಗಿ, “ಮೊದಲೇ ಬಂದು ಹೇಳಬೇಕಿತ್ತು ಮೇಡಂ” ಎಂದಷ್ಟೇ ಹೇಳಿ.

ಮೈ ವಿಷಯ. “ಕಾಲು ನೋವು ಸರ್” ಎಂದರೆ ಪಿ.ಡಿ.ಗೆ ಏನೂ ತಿಳಿಯುವುದಿಲ್ಲ. ಎಲ್ಲಿ, ಎಂದಿನಿಂದ, ಯಾವ ಚಲನೆಯಲ್ಲಿ, ಹತ್ತಕ್ಕೆ ಎಷ್ಟು, ಈ ನಾಲ್ಕು ಹೇಳಿ: “ಎಡ ತೊಡೆಯ ಹಿಂಭಾಗ, ನಿನ್ನೆಯಿಂದ, ಜೋರಾಗಿ ಓಡುವಾಗ ಮಾತ್ರ, ಹತ್ತಕ್ಕೆ ನಾಲ್ಕು.” ಮುಟ್ಟಿನ ದಿನದ ನೋವನ್ನು ಗಂಡಸರಾದ ಕೋಚ್‌ಗೆ ಹೇಳಲು ಮುಜುಗರವಾದರೆ, ತಂಡದ ಜೊತೆ ಬರುವ ಮೇಡಂ ಮೂಲಕ ತಿಳಿಸುವ ಏರ್ಪಾಟನ್ನು ಸೀಸನ್ ಶುರುವಿನಲ್ಲೇ ಮಾಡಿಕೊಳ್ಳಿ. ಮಳೆಗಾಲದ ಕೆಮ್ಮಿಗೆ ಡಾಕ್ಟರ್ ಹತ್ತಿರ ಹೋದಾಗ ಕೂತ ಕೂಡಲೇ “ನಾನು ಕ್ರೀಡಾಪಟು, ಡೋಪಿಂಗ್ ಪರೀಕ್ಷೆ ಇರಬಹುದು” ಎನ್ನಿ. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸಿಗುವ ಹಲವು ಕೆಮ್ಮಿನ ಸಿರಪ್‌ಗಳಲ್ಲಿ ಟರ್ಬುಟಲಿನ್ ಇರುತ್ತದೆ, ಅದು ನಿಷೇಧಿತ ಪಟ್ಟಿಯಲ್ಲಿದೆ, ಪಂದ್ಯವಿಲ್ಲದ ದಿನಗಳಲ್ಲೂ. ಗೊತ್ತಿಲ್ಲದೆ ಕುಡಿದೆ ಎಂಬುದು ಅಲ್ಲಿ ನಡೆಯುವುದಿಲ್ಲ.

ಮನೆಗೆ ಬರೆಯಬೇಕಾದ್ದು ಒಂದೇ ಹಾಳೆ. ಸೀಸನ್‌ನ ದಿನಾಂಕಗಳನ್ನು ಕ್ಯಾಲೆಂಡರ್ ಮೇಲೆ ಗುರುತು ಮಾಡಿ ಅಡುಗೆಮನೆಯಲ್ಲಿ ತೂಗುಹಾಕಿ. ಕಾಫಿ ಕುಯ್ಲಿಗೆ ಆಳು ಸಿಗದೆ ಒದ್ದಾಡುತ್ತಿರುವ ದಿನ “ನಾಳೆ ಕ್ಯಾಂಪ್‌ಗೆ ಹೋಗ್ಬೇಕು” ಎಂದರೆ ಯಾವ ಅಪ್ಪನೂ ನಗುವುದಿಲ್ಲ.

ಕೊನೆಗೆ ಆ ರೈಟ್ ಹಾಫ್. ಸಭೆ ಕರೆದು ಕ್ಷಮೆ ಕೇಳುವುದು, ಉದ್ದದ ಮೆಸೇಜ್ ಬರೆಯುವುದು, ಮೂರನೆಯವಳನ್ನು ಮಧ್ಯಸ್ತಿಕೆಗೆ ಕಳಿಸುವುದು, ಈ ಮೂರೂ ಬೇಡ. ಮುಂದಿನ ಪ್ರ್ಯಾಕ್ಟೀಸ್‌ನಲ್ಲಿ ಜೋಡಿಯಾಗಿ ಪುಶ್ ಪಾಸ್ ಮಾಡುವ ಹೊತ್ತಿಗೆ ಅವಳ ಎದುರು ಹೋಗಿ ನಿಲ್ಲಿ. ಕೈಗೆ ಕೆಲಸವಿದ್ದಾಗ ಇಂಥ ಮಾತು ಇಬ್ಬರಿಗೂ ಸುಲಭ. ನಾಲ್ಕಾರು ಪಾಸ್ ಆದ ಮೇಲೆ “ಅವತ್ತು ಎಲ್ಲರೆದುರು ಕೂಗಿದ್ದು ನಂದು ತಪ್ಪು” ಎನ್ನಿ. ಅಲ್ಲಿಗೆ ನಿಲ್ಲಿಸಿ. “ಆದ್ರೆ ನೀನೂ...” ಎಂದು ಮುಂದುವರಿದರೆ ಮೊದಲಿನ ವಾಕ್ಯ ಅಳಿಸಿ ಹೋಗುತ್ತದೆ. ಆಮೇಲೆ ಆಟದ ಪ್ರಶ್ನೆ ಕೇಳಿ: “ಒತ್ತಡ ಬಂದಾಗ ನಾನು ನಿನ್ನ ಹಿಂದೆ ನಿಲ್ಲಲೋ, ಒಳಗಡೆ ನಿಲ್ಲಲೋ?” ಅವಳು “ಒಳಗಡೆ” ಎಂದರೆ ಆ ದಿನದ ಆಟದಲ್ಲಿ ಅಲ್ಲೇ ನಿಂತು, ಹೆಸರು ಹಿಡಿದು ಕರೆಯಿರಿ. ಏನೂ ಹೇಳದೆ ಚೆಂಡು ತಳ್ಳುತ್ತಲೇ ಇದ್ದರೆ ಒತ್ತಾಯ ಮಾಡಬೇಡಿ. ಆಟ ಶುರುವಾದಾಗ ನಿಮಗೆ ಸಿಕ್ಕ ಮೊದಲ ಚೆಂಡನ್ನು ಅವಳಿಗೆ ಕೊಡಿ.